ಸೊಂಟ ನೋವು ಅಂತ ಬಂದವರನ್ನು ವಿಂಗಡಿಸುವ ಕೆಲಸ

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕ್ಲಿನಿಕ್‌ನಲ್ಲಿ ಕೂರಲು ಜಾಗ ಸಿಗುವುದಿಲ್ಲ. ನಾನು ಫಿಸಿಯೋಥೆರಪಿಸ್ಟ್. ಸಾಗರದ ಕಡೆ ಒಬ್ಬರು ಮೂಳೆ ಡಾಕ್ಟರ ಜೊತೆ ಕೆಲಸ ಮಾಡುತ್ತೇನೆ. ಹಸಿ ಅಡಿಕೆ ಚೀಲ ಹೊತ್ತವರು, ದೋಟಿ ಹಿಡಿದು ಇಡೀ ದಿನ ತಲೆ ಮೇಲೆತ್ತಿ ನಿಂತವರು, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿದವರು, ಎಲ್ಲರೂ ಸೊಂಟ ಹಿಡಿದುಕೊಂಡೇ ಬರುತ್ತಾರೆ. ಬಸ್ ಡ್ರೈವರ್‌ಗಳು, ಬ್ಯಾಂಕಿನವರು, ಬೆಂಗಳೂರಿನಿಂದ ಊರಿಗೆ ಬಂದು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಹುಡುಗರು ವರ್ಷವಿಡೀ ಇದ್ದೇ ಇರುತ್ತಾರೆ.

ಎಲ್ಲರ ಚೀಟಿಯಲ್ಲೂ ಬರೆದಿರುವುದು ಒಂದೇ, ಸೊಂಟ ನೋವು. ಒಳಗೆ ನಡೆಯುತ್ತಿರುವುದು ಮಾತ್ರ ಒಂದೇ ಅಲ್ಲ. ಯಾರಿಗೆ ಧೈರ್ಯ ಹೇಳಿ ಕಳಿಸಿದರೆ ಸಾಕು, ಯಾರಿಗೆ ವ್ಯಾಯಾಮ ಬೇಕು, ಯಾರು ಇವತ್ತೇ ಶಿವಮೊಗ್ಗದ ಆಸ್ಪತ್ರೆ ಸೇರಬೇಕು ಅನ್ನುವುದು ಮೊದಲ ಅರ್ಧ ಗಂಟೆಯಲ್ಲಿ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ನನ್ನ ಕೆಲಸದಲ್ಲಿ ಆ ಅರ್ಧ ಗಂಟೆಯೇ ಮುಖ್ಯ ಅಂತ ನಾನು ನಂಬಿದ್ದೇನೆ. ಅದನ್ನು ಅವಸರದಲ್ಲಿ ಮುಗಿಸಿದರೆ ಆಮೇಲೆ ಎಷ್ಟು ವ್ಯಾಯಾಮ ಹೇಳಿಕೊಟ್ಟರೂ ಪ್ರಯೋಜನ ಇಲ್ಲ. ಅದು ಹೇಗೆ ನಡೆಯುತ್ತದೆ ಅಂತ ಹೇಳಲು ಒಬ್ಬರ ವಿಷಯ ಬರೆಯುತ್ತೇನೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಅವರಿಗೆ ನಲವತ್ತರ ಆಸುಪಾಸು. ಸ್ವಲ್ಪ ತೋಟ, ಸ್ವಲ್ಪ ಗದ್ದೆ. ಒಳಗೆ ಬರುವಾಗ ಮೈ ಎಡಕ್ಕೆ ವಾಲಿತ್ತು. ಹಿಂದೆ ಹೆಂಡತಿ, ಅವರ ಕೈಯಲ್ಲಿ ದೊಡ್ಡ ಎಂಆರ್‌ಐ ಕವರ್. ಕೂತ್ಕೊಳ್ಳಿ ಅಂದೆ. "ಬೇಡ ಮೇಡಂ, ನಿಂತೇ ಇರ್ತೀನಿ. ಕೂತ್ರೆ ಕಾಲು ಸೀಳಿದ ಹಾಗಾಗುತ್ತೆ" ಅಂದರು. ಇದನ್ನು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ. ಡಿಸ್ಕ್‌ನ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಕೂರುವುದೇ ಕಷ್ಟ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಅದೇ ಎಪ್ಪತ್ತು ದಾಟಿದ ಅಜ್ಜಂದಿರು, ನರದ ದಾರಿ ಕಿರಿದಾದವರು, ಕೂತರೆ ಹಾಯಾಗಿರುತ್ತಾರೆ, ನಡೆದರೆ ಕಾಲು ಭಾರವಾಗುತ್ತದೆ. ಅವರನ್ನು ಕೇಳಿದರೆ ಗುಡ್ಡ ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ ಅನ್ನುತ್ತಾರೆ. ಹತ್ತುವಾಗ ಮುಂದಕ್ಕೆ ಬಾಗುತ್ತೇವೆ ಅಲ್ವಾ, ಆಗ ಆ ದಾರಿ ಕೊಂಚ ಅಗಲವಾಗುತ್ತದೆ. ಅದಕ್ಕೇ ಹಾಗೆ.

ಹೆಂಡತಿ ಕವರ್ ಮುಂದೆ ಚಾಚಿದರು. "ಆಮೇಲೆ ನೋಡ್ತೀನಿ ಅಕ್ಕಾ, ಇಲ್ಲಿಟ್ಟಿರಿ" ಅಂದೆ. ಅವರಿಗೆ ಅದು ಸರಿ ಬಂದ ಹಾಗೆ ಕಾಣಲಿಲ್ಲ. ಅಷ್ಟೊಂದು ದುಡ್ಡು ಕೊಟ್ಟು ಮಾಡಿಸಿದ್ದು. ಆದರೆ ನಾನು ಚಿತ್ರ ನೋಡುವುದು ಯಾವತ್ತೂ ಕೊನೆಗೆ. ಮೊದಲೇ ನೋಡಿಬಿಟ್ಟರೆ ಕಿವಿ ಮುಚ್ಚಿಹೋಗುತ್ತದೆ, ಅವರು ಹೇಳುವುದನ್ನೆಲ್ಲ ಆ ವರದಿಗೆ ಹೊಂದಿಸಲು ಹೊರಡುತ್ತೇವೆ.

ಅವರು ಹೇಳಿದ್ದು ಇಷ್ಟು. ಮೂರು ವಾರದ ಹಿಂದೆ ಅಡಿಕೆ ಚೀಲ ಎತ್ತಿ ಗಾಡಿಗೆ ಹಾಕುವಾಗ ಸೊಂಟದಲ್ಲಿ ಚಳಕ್ ಅಂತು. ಆ ದಿನ ಕೆಲಸ ಮುಗಿಸಿಯೇ ಮನೆಗೆ ಹೋದರು. ಮಾರನೇ ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ. ಊರಲ್ಲಿ ಉಳುಕು ತೆಗೆಯುವವರು ಎಣ್ಣೆ ಹಚ್ಚಿ ತಿಕ್ಕಿದರು, ಸ್ವಲ್ಪ ಹಗುರವಾಯಿತು. ನಾಲ್ಕೈದು ದಿನದಲ್ಲಿ ಸೊಂಟದ ನೋವು ಇಳಿಯಿತು, ಆದರೆ ಬಲಗಾಲಿಗೆ ಚಳುಕು ಶುರುವಾಯಿತು. ಪಿರ್ರೆಯಿಂದ ತೊಡೆಯ ಹಿಂಭಾಗ, ಮೊಣಕಾಲಿನ ಕೆಳಗೆ ಹೊರಬದಿ, ಅಲ್ಲಿಂದ ಪಾದದ ಮೇಲೆ ಹೆಬ್ಬೆರಳಿನವರೆಗೆ. ಕೆಮ್ಮಿದರೆ, ಸೀನಿದರೆ ಕರೆಂಟ್ ಹೊಡೆದ ಹಾಗೆ. ಬೇರೊಂದು ಊರಿನ ಆಸ್ಪತ್ರೆಗೆ ಹೋದರು. ಅಲ್ಲಿ ಯಾರೂ ಮುಟ್ಟಿ ನೋಡಲಿಲ್ಲವಂತೆ, ನೇರ ಎಂಆರ್‌ಐಗೆ ಬರೆದುಕೊಟ್ಟರು. ವರದಿ ಬಂದ ಮೇಲೆ, ಡಿಸ್ಕ್ ಜಾರಿದೆ, ವಾರದೊಳಗೆ ಆಪರೇಷನ್ ಮಾಡಿಸದಿದ್ದರೆ ಕಾಲು ಹೋಗಬಹುದು ಅಂದರಂತೆ. ಅವತ್ತಿನಿಂದ ಅವರು ನೆಟ್ಟಗೆ ನಿದ್ದೆ ಮಾಡಿಲ್ಲ.

ಇಲ್ಲಿ ನಾನು ಕೇಳುವ ಕೆಲವು ಪ್ರಶ್ನೆಗಳಿವೆ. ಯಾರೇ ಬರಲಿ, ಎಷ್ಟೇ ರಶ್ ಇರಲಿ, ಇವನ್ನು ಬಿಡುವುದಿಲ್ಲ. ಮೂತ್ರ ಸಲೀಸಾಗಿ ಹೋಗುತ್ತಿದೆಯಾ, ಕಟ್ಟಿದ ಹಾಗೆ ಅಥವಾ ಗೊತ್ತಿಲ್ಲದೆ ಹೋದ ಹಾಗೆ ಆಗುತ್ತಿದೆಯಾ? ಮಲದ ಮೇಲೆ ಹಿಡಿತ ಇದೆಯಾ? ಕೂರುವ ಜಾಗ, ತೊಡೆಸಂದು ಮರಗಟ್ಟಿದೆಯಾ? ಎರಡೂ ಕಾಲಿಗೆ ಬಂದಿದೆಯಾ? ಜ್ವರ, ರಾತ್ರಿ ಬೆವರು, ತೂಕ ಇಳಿದಿರುವುದು? ಹಿಂದೆ ಕ್ಯಾನ್ಸರ್ ಆಗಿತ್ತಾ? ಬಿದ್ದಿದ್ದಿರಾ? ಸ್ಟೀರಾಯ್ಡ್ ಮಾತ್ರೆ ಬಹಳ ದಿನ ತಗೊಂಡಿದ್ದಿರಾ? ಮಲಗಿದರೂ, ಯಾವ ಮಗ್ಗುಲಿಗೆ ಹೊರಳಿದರೂ ಕಡಿಮೆಯಾಗದ ನೋವಾ?

ಮೂತ್ರದ ಪ್ರಶ್ನೆಗೆ ಗಂಡಸರು ಮುಜುಗರಪಡುತ್ತಾರೆ, ಹೆಂಗಸರು ನಕ್ಕು ಸುಮ್ಮನಾಗುತ್ತಾರೆ. ಸೊಂಟ ನೋವಿಗೂ ಇದಕ್ಕೂ ಏನು ಸಂಬಂಧ ಅಂತ ಅವರಿಗೆ ಅನ್ನಿಸುವುದು ಸಹಜ. ಅದಕ್ಕೆ ಕಾರಣ ಹೇಳಿಯೇ ಕೇಳುತ್ತೇನೆ. ಬೆನ್ನುಹುರಿ ಮುಗಿದ ಮೇಲೆ ಕೆಳಗೆ ಒಂದು ಕಟ್ಟು ನರಗಳು ಇಳಿಯುತ್ತವೆ. ದೊಡ್ಡ ಡಿಸ್ಕ್ ಚೂರು ಆ ಕಟ್ಟನ್ನೇ ಒತ್ತಿದರೆ ಮೂತ್ರ, ಮಲ, ಕಾಲಿನ ಶಕ್ತಿ ಮೂರೂ ಕೈಕೊಡಬಹುದು. ಇದಕ್ಕೆ ಕಾಡಾ ಇಕ್ವೈನಾ ಸಿಂಡ್ರೋಮ್ ಅನ್ನುತ್ತಾರೆ. ಬಹಳ ಅಪರೂಪ. ಆದರೆ ಬಂದರೆ ಗಂಟೆಗಳ ಲೆಕ್ಕ. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅಂದೇ ಎಂಆರ್‌ಐ, ಅಂದೇ ಸರ್ಜನ್.

ಜ್ವರ, ತೂಕದ ಪ್ರಶ್ನೆಯನ್ನೂ ನಾನು ಶಾಸ್ತ್ರಕ್ಕೆ ಕೇಳುವುದಿಲ್ಲ. ಹಿಂದೊಮ್ಮೆ ಒಬ್ಬ ಅಮ್ಮ ಬಂದಿದ್ದರು. ಮನೆಯವರೆಲ್ಲ ವಾಯು ಅಂದುಕೊಂಡಿದ್ದರು. ತಿಂಗಳುಗಟ್ಟಲೆ ನೋವು, ಸಂಜೆ ಮೈ ಬೆಚ್ಚಗಾಗುವುದು. ರವಿಕೆ ಎಲ್ಲ ದೊಡ್ಡದಾಗಿದೆ ಅಂತ ಸೊಸೆ ಮಾತಿನ ಮಧ್ಯೆ ಹೇಳಿದಳು. ಬೆನ್ನಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಬಂದರೆ ಒಂದೇ ಒಂದು ಮೂಳೆಯ ಮೇಲೆ ಅಮ್ಮ ಕಿರುಚಿಕೊಂಡರು. ನಾನು ಒಂದು ವ್ಯಾಯಾಮವನ್ನೂ ಹೇಳಲಿಲ್ಲ, ಎದ್ದು ಹೋಗಿ ಡಾಕ್ಟರನ್ನು ಕರೆದೆ. ರಕ್ತ ಪರೀಕ್ಷೆ, ಎಂಆರ್‌ಐ, ಸೂಜಿ ಹಾಕಿ ತೆಗೆದ ಪರೀಕ್ಷೆ ಎಲ್ಲ ಆಗಿ ಬೆನ್ನುಮೂಳೆಯ ಕ್ಷಯ ಅಂತ ಗೊತ್ತಾಯಿತು. 1779ರಲ್ಲೇ ಪರ್ಸಿವಲ್ ಪಾಟ್ ಅನ್ನುವ ಇಂಗ್ಲೆಂಡಿನ ಸರ್ಜನ್ ಇದರ ಬಗ್ಗೆ ಬರೆದಿದ್ದಾರೆ, ಇವತ್ತಿಗೂ ಪಾಟ್ಸ್ ಕಾಯಿಲೆ ಅಂತಲೇ ಕರೆಯುತ್ತಾರೆ. ನಮ್ಮ ದೇಶದಲ್ಲಿ ಕ್ಷಯ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಹೊರದೇಶದ ಪುಸ್ತಕದಲ್ಲಿ ಇದು ಒಂದು ಸಾಲಿನ ವಿಷಯವಾಗಿರಬಹುದು, ನಮಗೆ ಹಾಗಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು ಅಷ್ಟೇ. ಆ ಅಮ್ಮ ಈಗ ಚೆನ್ನಾಗಿದ್ದಾರೆ.

ಇನ್ನೊಂದು ಪ್ರಶ್ನೆ ವಯಸ್ಸು ಚಿಕ್ಕದಿದ್ದವರಿಗೆ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದಿರುತ್ತದಾ, ಎಷ್ಟು ಹೊತ್ತು? ಸುಮ್ನೆ ಮಲಗಿದ್ದರೆ ಜಾಸ್ತಿಯಾಗಿ, ಓಡಾಡಿದರೆ ಕಡಿಮೆಯಾಗುತ್ತದಾ? ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದಾ? ಕಣ್ಣು ಕೆಂಪಾಗಿ ನೋವು ಬಂದದ್ದು ಉಂಟಾ? 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳಿಗಿಂತ ಜಾಸ್ತಿ ಉಳಿದ, ವಿಶ್ರಾಂತಿಯಿಂದ ಕಡಿಮೆಯಾಗದ ನೋವು ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದಾ ಅಂತ ನೋಡಲೇಬೇಕು. ಇದು ಬೆನ್ನುಮೂಳೆಯ ಕೀಲುಗಳ ಉರಿಯೂತದ ಕಾಯಿಲೆ, ಸವೆತ ಅಲ್ಲ. ಇಂಥ ಹುಡುಗರು ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡು ಓಡಾಡಿರುತ್ತಾರೆ. ಹಾಗೆ ಬಂದ ಒಬ್ಬ ಕಾಲೇಜು ಹುಡುಗನಿಗೆ ಅವರ ಅಪ್ಪ, ಸೋಮಾರಿ, ಬೆಳಿಗ್ಗೆ ಏಳಲ್ಲ ಅಂತ ದಿನಾ ಬೈಯುತ್ತಿದ್ದರು. ಅವನು ಏಳಲು ಆಗದೆ ಮಲಗಿರುತ್ತಿದ್ದ. ಸಂಧಿವಾತದ ಡಾಕ್ಟರ ಹತ್ತಿರ ಕಳಿಸಿದ ಮೇಲೆ ಕಾಯಿಲೆಯ ಹೆಸರು ಸಿಕ್ಕಿತು, ಔಷಧಿ ಶುರುವಾಯಿತು. ಅವನ ಅಪ್ಪ ನನ್ನ ಮುಂದೆಯೇ ಕಣ್ಣು ಒರೆಸಿಕೊಂಡರು.

ನಮ್ಮ ತೋಟದವರಿಗೆ ಇದ್ಯಾವುದೂ ಇರಲಿಲ್ಲ. ಮೂತ್ರ ಸರಿ, ಜ್ವರ ಇಲ್ಲ, ತೂಕ ಸರಿ, ನೋವು ಒಂದೇ ಕಾಲಿಗೆ. ಆಮೇಲೆ ಕೈಯಿಂದ ನೋಡುವ ಕೆಲಸ.

ಮೊದಲು ನಡೆಸಿದೆ. ಹಿಮ್ಮಡಿ ಮೇಲೆ ನಡೆಯಿರಿ ಅಂದೆ. ಎಡಗಾಲು ಸರಿಯಾಗಿ ಎದ್ದಿತು, ಬಲಗಾಲಿನ ಮುಂಭಾಗ ನೆಲಕ್ಕೆ ಇಳಿದಿಳಿದು ಬರುತ್ತಿತ್ತು. ಬೆರಳ ತುದಿಯ ಮೇಲೆ ನಡೆಯುವುದು ಎರಡೂ ಕಡೆ ಸರಿಯಿತ್ತು. ಮಂಚದ ಮೇಲೆ ಮಲಗಿಸಿ ಎರಡೂ ಹೆಬ್ಬೆರಳನ್ನು ಮುಖದ ಕಡೆಗೆ ಎಳೆದುಕೊಳ್ಳಿ ಅಂತ ಹೇಳಿ ನನ್ನ ಬೆರಳಿನಿಂದ ಕೆಳಗೆ ಒತ್ತಿದೆ. ಎಡಗಡೆಯದು ಅಲ್ಲಾಡಲಿಲ್ಲ. ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದ ಹೆಬ್ಬೆರಳು, ನನ್ನ ಕೈಯೇ ಸೋತಿತು. ಬಲಗಡೆಯದು ಸ್ವಲ್ಪ ತಡೆದು ಮೆಲ್ಲಗೆ ಕೆಳಗೆ ಬಂತು. ಅವರಿಗೂ ಅದು ಗೊತ್ತಾಯಿತು, ತಲೆ ಎತ್ತಿ ಕಾಲನ್ನೇ ನೋಡಿದರು. ಹತ್ತಿಯಿಂದ ಸವರಿದಾಗ ಬಲ ಪಾದದ ಮೇಲ್ಭಾಗದಲ್ಲಿ, ಬಟ್ಟೆ ಮೇಲಿಂದ ಮುಟ್ಟಿದ ಹಾಗಿದೆ ಅಂದರು. ರಿಫ್ಲೆಕ್ಸ್ ಸುತ್ತಿಗೆಯಿಂದ ಮಂಡಿಯ ಕೆಳಗೆ, ಹಿಮ್ಮಡಿಯ ಹಿಂದೆ ತಟ್ಟಿದಾಗ ಎರಡೂ ಕಡೆ ಕಾಲು ಸರಿಯಾಗಿಯೇ ಜಿಗಿಯಿತು.

ಆಮೇಲೆ ಮಂಡಿ ಮಡಿಸದೆ ಬಲಗಾಲನ್ನು ಮೆಲ್ಲಗೆ ಎತ್ತಿದೆ. ಮಂಚದಿಂದ ಸುಮಾರು 40 ಡಿಗ್ರಿ ಬಂದಾಗ ನನ್ನ ಕೈ ಹಿಡಿದುಕೊಂಡರು, ಹೆಬ್ಬೆರಳಿನವರೆಗೂ ಅದೇ ಚಳುಕು. ಎಡಗಾಲು ಎತ್ತಿದಾಗ ಏನೂ ಆಗಲಿಲ್ಲ. ಈ ಪರೀಕ್ಷೆ ಬಹಳ ಹಳೆಯದು, ಫ್ರಾನ್ಸಿನ ಲಸೇಗ್ ಅನ್ನುವ ಡಾಕ್ಟರ ಹೆಸರಲ್ಲಿದೆ. 30ರಿಂದ 70 ಡಿಗ್ರಿಯೊಳಗೆ ಮಂಡಿಯ ಕೆಳಗಿನ ನೋವು ಬಂದರೆ ಮಾತ್ರ ಅದಕ್ಕೆ ಅರ್ಥ. ತೊಡೆಯ ಹಿಂದೆ ಎಳೆಯುವುದು ಎಲ್ಲರಿಗೂ ಇರುತ್ತದೆ. ನೋವಿಲ್ಲದ ಕಾಲು ಎತ್ತಿದಾಗ ನೋವಿರುವ ಕಾಲಲ್ಲಿ ಚಳುಕು ಬಂದರೆ, ಡಿಸ್ಕ್ ನರವನ್ನು ಒತ್ತುತ್ತಿದೆ ಅನ್ನುವುದಕ್ಕೆ ಅದು ಇನ್ನೂ ಗಟ್ಟಿ ಸಾಕ್ಷಿ.

ಇಷ್ಟಾದ ಮೇಲೆ ಒಂದು ತೀರ್ಮಾನಕ್ಕೆ ಬರಬಹುದು. ಹೆಬ್ಬೆರಳಿನ ಶಕ್ತಿ, ಹಿಮ್ಮಡಿ ನಡಿಗೆ, ಪಾದದ ಮೇಲ್ಭಾಗದ ಸ್ಪರ್ಶ, ಮೂರೂ ಎಲ್5 ನರದ ಕಡೆ ಬೆರಳು ತೋರಿಸುತ್ತಿದ್ದವು. ಸೊಂಟದಿಂದ ಕಾಲಿಗೆ ಇಳಿಯುವ ನರಗಳನ್ನು ಎಲ್4, ಎಲ್5, ಎಸ್1 ಅಂತ ಕರೆಯುತ್ತೇವೆ. ಎಸ್1 ಆಗಿದ್ದರೆ ಬೆರಳ ತುದಿಯ ನಡಿಗೆ ಸೋಲುತ್ತಿತ್ತು, ಹಿಮ್ಮಡಿಯ ರಿಫ್ಲೆಕ್ಸ್ ಕುಗ್ಗುತ್ತಿತ್ತು. ಎಲ್4 ಆಗಿದ್ದರೆ ಮಂಡಿಯದು.

ಸೊಂಟ ನೋವನ್ನು ನಾವು ಮೊದಲು ಮೂರು ಪಾಲು ಮಾಡುತ್ತೇವೆ. ಒಂದು, ಕ್ಷಯ, ಮುರಿತ, ಕ್ಯಾನ್ಸರ್, ಉರಿಯೂತದಂಥ ಬೇರೆ ಕಾಯಿಲೆಯಿಂದ ಬಂದದ್ದು. ಇದು ತೀರಾ ಕಡಿಮೆ, ಆದರೆ ತಪ್ಪಿಸಿಕೊಳ್ಳಬಾರದ ಪಾಲು. ಎರಡು, ನರಕ್ಕೆ ತೊಂದರೆಯಾಗಿ ಕಾಲಿಗೆ ಇಳಿದದ್ದು. ಮೂರು, ಇವೆರಡೂ ಅಲ್ಲದ್ದು, ಇಂಥದೇ ಭಾಗದಿಂದ ಬರುತ್ತಿದೆ ಅಂತ ಬೆರಳಿಟ್ಟು ತೋರಿಸಲು ಆಗದ್ದು. ನೂರರಲ್ಲಿ 85-90 ಜನ ಈ ಮೂರನೆಯ ಪಾಲಿನವರು ಅಂತ ಪುಸ್ತಕಗಳು ಹೇಳುತ್ತವೆ. ಆಮೇಲೆ ಕಾಲದ ಲೆಕ್ಕ: ಆರು ವಾರದೊಳಗಿನದು, ಆರರಿಂದ ಹನ್ನೆರಡು ವಾರದ್ದು, ಅದಕ್ಕೂ ಹಳೆಯದು. ಇವರು ಎರಡನೆಯ ಪಾಲು, ಇನ್ನೂ ಹೊಸ ನೋವು.

ಈಗ ಕವರ್ ತೆರೆದೆ. ಎಲ್4-ಎಲ್5 ಡಿಸ್ಕ್ ಬಲಕ್ಕೆ ಉಬ್ಬಿ ಎಲ್5 ನರಕ್ಕೆ ತಾಗಿದೆ ಅಂತ ಇತ್ತು. ಕೈಗೆ ಸಿಕ್ಕಿದ್ದಕ್ಕೂ ಚಿತ್ರಕ್ಕೂ ತಾಳೆಯಾಯಿತು. ಜೊತೆಗೆ ಮೇಲಿನ ಡಿಸ್ಕ್ ಒಣಗಿದೆ, ಕೆಳಗಿನದು ಉಬ್ಬಿದೆ, ಸವೆತ ಇದೆ ಅಂತ ಇನ್ನೂ ನಾಲ್ಕಾರು ಸಾಲು. ಅವರು ಹೆದರಿದ್ದು ಆ ಸಾಲುಗಳಿಗೆ. "ನನ್ನ ಬೆನ್ನೆಲ್ಲ ಹಾಳಾಗಿದೆ ಅಂತ ಅಲ್ವಾ ಮೇಡಂ?"

2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ವಿಷಯವನ್ನು ನಾನು ಇಂಥ ಹೊತ್ತಲ್ಲಿ ಹೇಳುತ್ತೇನೆ. ಸೊಂಟ ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ ಅದು. ಇಪ್ಪತ್ತರ ವಯಸ್ಸಿನವರಲ್ಲೇ 37% ಜನರಿಗೆ ಡಿಸ್ಕ್ ಸವೆತ ಕಂಡಿತ್ತು, 30% ಜನರಿಗೆ ಉಬ್ಬು ಇತ್ತು. ಎಂಬತ್ತರವರಲ್ಲಿ ಸವೆತ 96%, ಉಬ್ಬು 84%. ಅವರ್ಯಾರಿಗೂ ನೋವಿರಲಿಲ್ಲ. "ನಿಮ್ಮನೆ ಹಂಚಿನ ಮೇಲೆ ಪಾಚಿ ಇದೆ ತಾನೇ? ಅದನ್ನ ನೋಡಿ ಮನೆ ಸೋರ್ತಿದೆ ಅಂತ ಹೇಳಕ್ಕಾಗುತ್ತಾ?" ಅಂತ ಕೇಳಿದೆ. ಹೆಂಡತಿ ಮೊದಲು ತಲೆಯಾಡಿಸಿದರು. ಈ ವರದಿಯಲ್ಲಿ ನಿಮಗೆ ಬೇಕಾದದ್ದು ಒಂದೇ ಸಾಲು, ಉಳಿದದ್ದನ್ನು ಬಿಟ್ಟುಬಿಡಿ ಅಂತ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಟ್ಟೆ.

ಅದಾದ ಮೇಲೆ ಮನಸ್ಸಿನ ಪಾಲು. ಇದನ್ನು ಬಿಡುವವರೇ ಜಾಸ್ತಿ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ಮಾಡಿದ ಸ್ಟಾರ್ಟ್ ಬ್ಯಾಕ್ ಅಂತ ಒಂದು ಪ್ರಶ್ನಾವಳಿ ಇದೆ. ಬರೀ ಒಂಬತ್ತು ಪ್ರಶ್ನೆ. ನೋವು ಕಾಲಿಗೆ ಇಳಿದಿದೆಯಾ, ಬಟ್ಟೆ ಹಾಕಿಕೊಳ್ಳಲು ನಿಧಾನವಾಗುತ್ತಿದೆಯಾ ಅನ್ನುವುದರ ಜೊತೆಗೆ, ನಿಮ್ಮಂಥ ಸ್ಥಿತಿಯಲ್ಲಿ ಮೈ ಆಡಿಸುವುದು ಅಪಾಯ ಅನ್ನಿಸುತ್ತದಾ, ಇದು ಯಾವತ್ತೂ ವಾಸಿಯಾಗಲ್ಲ ಅನ್ನಿಸುತ್ತದಾ ಅಂತಲೂ ಕೇಳುತ್ತದೆ. ಉತ್ತರ ನೋಡಿ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಗುಂಪು. 2011ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಗುಂಪು ಮಾಡಿ ಚಿಕಿತ್ಸೆ ಕೊಟ್ಟಾಗ ಫಲಿತಾಂಶವೂ ಚೆನ್ನಾಗಿತ್ತು, ಖರ್ಚೂ ಕಡಿಮೆಯಾಯಿತು. ನಾನು ಹಾಳೆ ಕೊಡುವುದಿಲ್ಲ, ಮಾತಿನ ಮಧ್ಯೆ ಕೇಳುತ್ತೇನೆ. ಈ ಮನುಷ್ಯ ಹೆಚ್ಚಿನ ಗುಂಪಿಗೆ ಬಂದರು. ಬಗ್ಗಿದರೆ ಡಿಸ್ಕ್ ಹೊರಗೆ ಬಂದುಬಿಡುತ್ತದೆ ಅಂತ ಅವರು ಎರಡು ವಾರದಿಂದ ಚಪ್ಪಲಿಯನ್ನೂ ಸ್ವಂತ ಹಾಕಿಕೊಂಡಿರಲಿಲ್ಲ, ಮಗಳು ಹಾಕಿಕೊಡುತ್ತಿದ್ದಳು. ಕೊಯ್ಲು ಅರ್ಧಕ್ಕೆ ನಿಂತಿದೆ, ಸೊಸೈಟಿ ಸಾಲದ ಕಂತು ಬಂದಿದೆ. ಇವೆಲ್ಲ ಗೊತ್ತಿಲ್ಲದೆ ಬರೀ ಕಾಲು ಎತ್ತಿ ನೋಡಿದರೆ ಅರ್ಧ ಮನುಷ್ಯನನ್ನು ನೋಡಿದ ಹಾಗಾಗುತ್ತದೆ.

ಮೂಳೆ ಡಾಕ್ಟರನ್ನು ಕರೆದು ಹೆಬ್ಬೆರಳು ತೋರಿಸಿದೆ. ಅವರೂ ಒತ್ತಿ ನೋಡಿದರು. ಶಕ್ತಿ ಸ್ವಲ್ಪವೇ ಕುಗ್ಗಿದೆ, ದಿನದಿಂದ ದಿನಕ್ಕೆ ಇಳಿಯುತ್ತಿಲ್ಲ, ಮೂತ್ರದ ತೊಂದರೆ ಇಲ್ಲ, ಆರು ವಾರ ಕಾಯಬಹುದು ಅಂದರು. ಯಾವಾಗ ಕಾಯಬಾರದು ಅನ್ನುವುದನ್ನೂ ಅಲ್ಲೇ ಬರೆದುಕೊಟ್ಟರು: ಪಾದ ಎತ್ತಲು ಆಗದೆ ಚಪ್ಪಲಿ ಜಾರಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಅದೇ ಗಳಿಗೆಯಲ್ಲಿ ಹೊರಡಬೇಕು. ಆಪರೇಷನ್ ಬೇಡ ಅಂತ ನಾವು ಹೇಳಲಿಲ್ಲ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಸಯಾಟಿಕಾ, ಅಂದರೆ ಇವರಿಗಿದ್ದ ಹಾಗೆ ನರಕ್ಕೆ ತೊಂದರೆಯಾಗಿ ಕಾಲಿಗೆ ಇಳಿಯುವ ನೋವು, ಇದ್ದವರಲ್ಲಿ ಬೇಗ ಆಪರೇಷನ್ ಮಾಡಿಸಿದವರನ್ನೂ ಕಾದು ನೋಡಿದವರನ್ನೂ ಹೋಲಿಸಿದರು. ಆಪರೇಷನ್ ಆದವರಿಗೆ ಕಾಲು ನೋವು ಬೇಗ ಇಳಿಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ 95% ಜನ ಗುಣವಾಗಿದೆ ಅಂದರು. ಕಾಯುವ ಗುಂಪಿನಲ್ಲೂ ಕೆಲವರಿಗೆ ಆಮೇಲೆ ಆಪರೇಷನ್ ಬೇಕಾಯಿತು, ಅದನ್ನೂ ಹೇಳಬೇಕು. ಇಷ್ಟು ತಿಳಿದ ಮೇಲೆ ನಿರ್ಧಾರ ಅವರದ್ದು. "ಕಾಯ್ತೀನಿ" ಅಂದರು.

ಔಷಧಿಯ ಕೆಲಸ ಡಾಕ್ಟರದ್ದು. ಕೆಲವು ದಿನಕ್ಕೆ ಮಾತ್ರ ನೋವಿನ ಮಾತ್ರೆ, ಹೊಟ್ಟೆಗೆ ತೊಂದರೆ ಆಗದ ಹಾಗೆ ನೋಡಿಕೊಂಡು. ಮೊದಲಿನ ಆಸ್ಪತ್ರೆಯಲ್ಲಿ ನರದ ನೋವಿಗೆ ಅಂತ ಕೊಟ್ಟಿದ್ದ ಪ್ರೆಗಾಬಾಲಿನ್‌ನಿಂದ ಅವರಿಗೆ ತಲೆಸುತ್ತು ಬರುತ್ತಿತ್ತು, ಡಾಕ್ಟರು ಅದನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. 2017ರಲ್ಲಿ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸಯಾಟಿಕಾಗೆ ಆ ಮಾತ್ರೆ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿಯಾಯಿತು. ಆದರೂ ಅದನ್ನು ಎಷ್ಟು ಜನರ ಚೀಟಿಯಲ್ಲಿ ನೋಡುತ್ತೇನೆ ಅಂದರೆ ಬೇಸರವಾಗುತ್ತದೆ.

ನನ್ನ ಪಾಲಿನ ಕೆಲಸ ಅವರನ್ನು ಬೋರಲು ಮಲಗಿಸುವುದರಿಂದ ಶುರುವಾಯಿತು. ಸುಮ್ನೆ ಮಲಗಿದ್ದರು, ಸ್ವಲ್ಪ ಹೊತ್ತು. ಆಮೇಲೆ ಮೊಣಕೈ ಊರಿ ಎದೆ ಎತ್ತಿದರು. ಆಮೇಲೆ ಅಂಗೈ ಊರಿ, ಸೊಂಟ ಮಂಚಕ್ಕೇ ಬಿಟ್ಟು, ಮೇಲೆದ್ದು ಇಳಿದು ಮಾಡಿದರು. ಪ್ರತಿ ಸಲಕ್ಕೂ ಕೇಳುತ್ತಿದ್ದೆ, ಈಗ ನೋವು ಎಲ್ಲಿದೆ? ಮೊದಲು ಹೆಬ್ಬೆರಳಲ್ಲಿ. ಆಮೇಲೆ ಮೀನಖಂಡ. ಆಮೇಲೆ ತೊಡೆ. ಏಳುವ ಹೊತ್ತಿಗೆ, "ಸೊಂಟದಲ್ಲಿ ಜಾಸ್ತಿ ಆಗಿದೆ ಮೇಡಂ, ಕಾಲಲ್ಲಿ ಹಗುರ" ಅಂತ ಗಾಬರಿಯಿಂದ ಹೇಳಿದರು. ನನಗೆ ಬಹಳ ಸಂತೋಷವಾಯಿತು. ಕಾಲಿನ ನೋವು ಮೇಲೇರಿ ಬೆನ್ನಿನ ನಡುವಿಗೆ ಸೇರುವುದು ಒಳ್ಳೆಯ ಲಕ್ಷಣ. ಹೀಗಾಗುವವರು ಚೆನ್ನಾಗಿ ಗುಣವಾಗುತ್ತಾರೆ. ಇದನ್ನು ಗುರುತಿಸಿದವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ಅವರ ಕ್ಲಿನಿಕ್‌ಗೆ ಬಂದ ಒಬ್ಬ ರೋಗಿ, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟರು. ಮೆಕೆಂಜಿ ಬಂದು ನೋಡುವಾಗ ಅವರ ಕಾಲು ನೋವು ಹೋಗಿತ್ತು. ಅಲ್ಲಿಂದ ಅವರ ಇಡೀ ಪದ್ಧತಿ ಬೆಳೆಯಿತು.

ಎಲ್ಲರಿಗೂ ಇದೇ ವ್ಯಾಯಾಮ ಅಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಮಾಡಿ ನೋವು ಜಾಸ್ತಿ ಮಾಡಿಕೊಂಡು ಬರುವವರಿದ್ದಾರೆ. ನರದ ದಾರಿ ಕಿರಿದಾದ ಅಜ್ಜನಿಗೆ ಹಿಂದಕ್ಕೆ ಬಾಗಿಸಿದರೆ ಕಾಲು ಇನ್ನೂ ಮರಗಟ್ಟುತ್ತದೆ. ಮಾಡಿದಾಗ ನೋವು ಮೇಲೇರುತ್ತಿದೆಯಾ, ಕೆಳಗಿಳಿಯುತ್ತಿದೆಯಾ ಅಂತ ನೋಡಬೇಕು. ಕೆಳಗಿಳಿದರೆ ನಿಲ್ಲಿಸಬೇಕು.

ಮನೆಗೆ ಕೊಟ್ಟದ್ದು ಸ್ವಲ್ಪವೇ. ಎರಡು ಗಂಟೆಗೊಮ್ಮೆ ಆ ವ್ಯಾಯಾಮ. ಅಂಗಳದಲ್ಲಿ ನಡಿಗೆ, ಕಾಲಿನ ನೋವು ಹೆಚ್ಚಾಗುವಷ್ಟು ಬೇಡ. ಒಂದೇ ಕಡೆ ಜಾಸ್ತಿ ಹೊತ್ತು ಕೂರಬೇಡಿ. ಹಾಸಿಗೆ ಹಿಡಿಯಬೇಡಿ. ಸೊಂಟ ನೋವಿಗೆ ಏಳು ದಿನ ಮಲಗಿಸಿದರೂ ಒಂದೇ, ಎರಡು ದಿನ ಮಲಗಿಸಿದರೂ ಒಂದೇ ಅಂತ 1986ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಆದರೂ ನಮ್ಮಲ್ಲಿ ತಿಂಗಳು ಮಲಗಿ ಅಂತ ಹೇಳುವವರು ಇನ್ನೂ ಇದ್ದಾರೆ.

"ಕರೆಂಟ್ ಇಡಲ್ವಾ ಮೇಡಂ?" ಅಂತ ಹೆಂಡತಿ ಕೇಳಿದರು. ಈ ಪ್ರಶ್ನೆ ಬಾರದ ದಿನವಿಲ್ಲ. ಫಿಸಿಯೋಥೆರಪಿ ಅಂದರೆ ಕರೆಂಟ್ ಇಡುವುದು, ಸೊಂಟ ಎಳೆಯುವುದು, ಬೆಲ್ಟ್ ಕೊಡುವುದು ಅಂತ ಜನ ತಿಳಿದಿದ್ದಾರೆ, ನಮ್ಮ ಕಸುಬಿನವರೇ ಹಾಗೆ ತಿಳಿಸಿದ್ದೇವೆ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ತಿಳುವಳಿಕೆ, ವ್ಯಾಯಾಮ, ಮನಸ್ಸಿನ ಚಿಕಿತ್ಸೆ ಇವುಗಳಿಗೆ ಒಪ್ಪಿಗೆ ಇದೆ. ಟ್ರಾಕ್ಷನ್ (ಸೊಂಟ ಎಳೆಯುವುದು), ಅಲ್ಟ್ರಾಸೌಂಡ್ ಚಿಕಿತ್ಸೆ, ಟೆನ್ಸ್ (ಕರೆಂಟ್ ಇಡುವುದು), ಬೆಲ್ಟ್ ಮಾಮೂಲಿಯಾಗಿ ಬೇಡ ಅಂತ ಇದೆ. ಅಫೀಮಿನ ಜಾತಿಯ ನೋವಿನ ಮಾತ್ರೆಗಳೂ ಬೇಡ. ಮೆಷಿನ್ ಇಟ್ಟರೆ ಕ್ಲಿನಿಕ್‌ಗೆ ದಿನಾ ದುಡ್ಡು, ಕೂತು ಮಾತಾಡಿದರೆ ಇಲ್ಲ. ಈ ಲೆಕ್ಕ ನಮ್ಮ ಕಸುಬನ್ನು ಹಾಳು ಮಾಡುತ್ತಿದೆ ಅಂತ ನನಗೆ ಸಿಟ್ಟಿದೆ.

ವಾರಕ್ಕೊಮ್ಮೆ ಬಂದರು. ಪ್ರತಿ ಸಲ ಮೊದಲು ಹೆಬ್ಬೆರಳು, ಹಿಮ್ಮಡಿ ನಡಿಗೆ, ಆಮೇಲೆ ಕಾಲು ಎತ್ತುವುದು. ಎರಡನೇ ವಾರ ರಾತ್ರಿ ನಿದ್ದೆ ಬಂತು. ಮೂರನೇ ವಾರದಲ್ಲಿ ಮತ್ತೆ ಜಾಸ್ತಿಯಾಯಿತು, ಬಸ್ಸಿನಲ್ಲಿ ಹಿಂದಿನ ಸೀಟಲ್ಲಿ ಕೂತು ಮದುವೆಗೆ ಹೋಗಿದ್ದರಂತೆ. ಶಕ್ತಿ ಇಳಿದಿರಲಿಲ್ಲ, ಹಾಗಾಗಿ ದಾರಿ ಬದಲಿಸಲಿಲ್ಲ, ಎರಡು ದಿನ ಸ್ವಲ್ಪ ಕಡಿಮೆ ಮಾಡಿ ಮತ್ತೆ ಮುಂದುವರಿಸಿದೆವು. ಆರನೇ ವಾರದ ಹೊತ್ತಿಗೆ ಕಾಲು ಎತ್ತರಕ್ಕೆ ಹೋಗುತ್ತಿತ್ತು, ಹೆಬ್ಬೆರಳು ನನ್ನ ಬೆರಳನ್ನು ತಡೆಯಿತು. ಪಾದದ ಮೇಲಿನ ಜೋಮು ಮಾತ್ರ ಇನ್ನೂ ಇತ್ತು. ಅದು ಕೊನೆಗೆ ಹೋಗುವಂಥದ್ದು, ತಿಂಗಳುಗಳು ಹಿಡಿಯಬಹುದು ಅಂತ ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ.

ಆಮೇಲೆ ಬಗ್ಗುವ ಪಾಠ. ಬಗ್ಗಬೇಡಿ ಅಂತ ತೋಟದವರಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಮೊದಲು ಚಪ್ಪಲಿ, ಆಮೇಲೆ ಖಾಲಿ ಬುಟ್ಟಿ, ಆಮೇಲೆ ಐದು ಕೆಜಿ ಅಕ್ಕಿ ಚೀಲ, ಹೀಗೆ ಏರಿಸುತ್ತಾ ಹೋದೆವು. ಮಗಳ ಮುಂದೆ ಸ್ವಂತ ಚಪ್ಪಲಿ ಹಾಕಿಕೊಂಡ ದಿನ ಅವರ ಮುಖ ನೋಡಬೇಕಿತ್ತು. ಸುಲಿಯಲು ಕೂತಾಗ ಅರ್ಧ ಗಂಟೆಗೊಮ್ಮೆ ಎದ್ದು ಅಡಿಕೆ ಹರವುವ ಕೆಲಸಕ್ಕೆ ಹೋಗುವುದು ಅಂತ ಮನೆಯವರೇ ಪಾಳಿ ಮಾಡಿಕೊಂಡರು.

ಮತ್ತೆ ಬರುವುದಿಲ್ಲ ಅಂತ ನಾನು ಭರವಸೆ ಕೊಡಲಿಲ್ಲ. ಸೊಂಟ ನೋವು ಮತ್ತೆ ಬರುವುದೇ ಜಾಸ್ತಿ. ಆದರೆ 2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವಾಕ್‌ಬ್ಯಾಕ್ ಅಧ್ಯಯನ ನನಗೆ ಬಹಳ ಇಷ್ಟ. ಸೊಂಟ ನೋವು ವಾಸಿಯಾದ 701 ಜನರಲ್ಲಿ ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ಸಲಹೆಯ ಜೊತೆ ಹಂತಹಂತವಾಗಿ ನಡಿಗೆ ಕಲಿಸಿದರು. ಮತ್ತೆ ನೋವು ಮರುಕಳಿಸಲು ಅವರಿಗೆ ಹಿಡಿದದ್ದು ನಡುಲೆಕ್ಕದಲ್ಲಿ 208 ದಿನ, ಉಳಿದವರಿಗೆ 112. ಖರ್ಚಿಲ್ಲ, ಮೆಷಿನ್ ಇಲ್ಲ. "ನಾವು ದಿನಾ ತೋಟಕ್ಕೆ ನಡೀತೀವಲ್ಲ ಮೇಡಂ" ಅಂತ ನಮ್ಮ ಕಡೆಯವರು ಹೇಳುತ್ತಾರೆ. ಕೆಲಸದ ಓಡಾಟ ಬೇರೆ, ಕೈ ಬೀಸಿ ಒಂದೇ ಸಮನೆ ಅರ್ಧ ಗಂಟೆ ನಡೆಯುವುದು ಬೇರೆ ಅಂತ ಹೇಳುತ್ತೇನೆ. ಇವರು ಸಂಜೆ ಹೆಂಡತಿಯ ಜೊತೆ ಶಾಲೆಯವರೆಗೆ ಹೋಗಿ ಬರುತ್ತಾರೆ. ನೋವು ಮರುಕಳಿಸಿದರೆ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಮನೆಯಲ್ಲಿ ಕೂರಬಾರದು ಅನ್ನುವ ಹಾಳೆ ಅವರ ದೇವರ ಮನೆಯ ಬಾಗಿಲಿಗೆ ಅಂಟಿಸಿದೆಯಂತೆ.

ಈಗ ನಮ್ಮಲ್ಲಿ ಚೀಟಿ ಬರೆಯುವ ಹುಡುಗಿಗೂ ಎರಡು ಪ್ರಶ್ನೆ ಕಲಿಸಿದ್ದೇವೆ. ಸೊಂಟ ನೋವು ಅಂದವರನ್ನೆಲ್ಲ ಅವಳು ಮೆಲುದನಿಯಲ್ಲಿ ಮೂತ್ರದ ಬಗ್ಗೆ, ಜ್ವರ ಮತ್ತು ತೂಕದ ಬಗ್ಗೆ ಕೇಳುತ್ತಾಳೆ. ಹೌದು ಅಂದರೆ ಚೀಟಿ ಆಮೇಲೆ, ಮೊದಲು ಒಳಗೆ ಕರೆದುಕೊಂಡು ಬರುತ್ತಾಳೆ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಸರಿ.